ಕೇಳಿ, ಹೇಳುತ್ತೇವೆ: ಮನೆಯ ಆಂಪ್ಲಿಫಯರ್ ರಿಪೇರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆ ಮತ್ತು ಅದರ ಆಸುಪಾಸಿನ ಮಲೆನಾಡಿನವು. ಮಳೆಗಾಲದ ಥಂಡಿ, ಏರಿಳಿಯುವ ಕರೆಂಟು, ಸಿಡಿಲು, ಈ ಮೂರರ ಗುರುತು ಬಹುತೇಕ ಎಲ್ಲ ದೂರುಗಳಲ್ಲೂ ಕಾಣುತ್ತದೆ.

ಉತ್ತರಗಳಿಗೆ ಮುಂಚೆ ಒಂದು ಮಾತು. ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 100 ಓಮ್, 5 ವ್ಯಾಟಿನ ಒಂದು ರೆಸಿಸ್ಟರ್‌ಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಅದನ್ನು ಪ್ರತಿ ಕಂಡೆನ್ಸರ್‌ನ ಎರಡು ಕಾಲಿಗೆ ಐದಾರು ಸೆಕೆಂಡು ತಾಗಿಸಿ, ಮೀಟರ್ 1 ವೋಲ್ಟಿಗಿಂತ ಕಡಿಮೆ ತೋರಿಸಿದ ಮೇಲೆಯೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ರೂಢಿ ಒಳ್ಳೆಯದಲ್ಲ. ಕಂಡೆನ್ಸರ್‌ಗೂ ಪೆಟ್ಟು, ಬೋರ್ಡಿನ ತಾಮ್ರದ ಗೆರೆಗೂ ಪೆಟ್ಟು, ಕಣ್ಣಿಗೂ ಅಪಾಯ.

ಪ್ರಶ್ನೆ (ತೀರ್ಥಹಳ್ಳಿ): ನಮ್ಮದು ಹಳೆಯ ಸ್ಟೀರಿಯೋ ಆಂಪ್ಲಿಫಯರ್. 24-0-24 ಟ್ರಾನ್ಸ್‌ಫಾರ್ಮರ್, ಒಂದೊಂದು ಚಾನೆಲ್‌ಗೆ 2ಎಸ್‌ಸಿ5200 ಮತ್ತು 2ಎಸ್‌ಎ1943 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ. ಆನ್ ಮಾಡಿದ ಕೂಡಲೇ ಫ್ಯೂಸ್ ಹೋಗುತ್ತದೆ. ಎಡ ಚಾನೆಲ್‌ನ ಜೋಡಿಯನ್ನು ಎರಡು ಸಲ ಬದಲಾಯಿಸಿದೆವು. ಮೊದಲ ಸಲ ಎರಡು ದಿನ ನಡೆಯಿತು, ಎರಡನೇ ಸಲ ಹತ್ತೇ ನಿಮಿಷ. ಯಾಕೆ ಹೀಗೆ?

ಉತ್ತರ: ಮೂರನೇ ಜೋಡಿ ಹಾಕಬೇಡಿ. ಸುಟ್ಟದ್ದು ಔಟ್‌ಪುಟ್ ಟ್ರಾನ್ಸಿಸ್ಟರ್, ಸುಡುವಂತೆ ಮಾಡಿದ್ದು ಬೇರೆ ಯಾವುದೋ ಭಾಗ. ಅದು ಬೋರ್ಡಿನಲ್ಲಿ ಹಾಗೆಯೇ ಕೂತಿರುವವರೆಗೆ ಎಷ್ಟು ಜೋಡಿ ತಂದರೂ ಅದೇ ಗತಿ.

ಮೊದಲು ಒಂದು ಸೀರೀಸ್ ಬೋರ್ಡ್ ಮಾಡಿಕೊಳ್ಳಿ. ಒಂದು ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರ್ ಬಲ್ಬಿನ ಮೂಲಕ ಹಾದು ಸಾಕೆಟ್‌ಗೆ ಹೋಗಬೇಕು, ನ್ಯೂಟ್ರಲ್ ಮತ್ತು ಅರ್ತ್ ನೇರ. ಬಲ್ಬು 60 ಅಥವಾ 100 ವ್ಯಾಟಿನ ಹಳೆ ಮಾದರಿಯ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯದು. ಆಂಪ್ಲಿಫಯರನ್ನು ಇದಕ್ಕೆ ಸಿಕ್ಕಿಸಿ ಆನ್ ಮಾಡಿ. ಬಲ್ಬು ಒಂದು ಕ್ಷಣ ಬೆಳಗಿ, ಕಂಡೆನ್ಸರ್ ತುಂಬಿದ ಮೇಲೆ ಮಂಕಾದರೆ ಅಥವಾ ಆರಿದರೆ ಒಳಗೆ ಶಾರ್ಟ್ ಇಲ್ಲ. ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ. ಆದರೆ ಬಲ್ಬು ಕರೆಂಟನ್ನು ತಡೆದು ಹಿಡಿದಿರುವುದರಿಂದ ಫ್ಯೂಸೂ ಹೋಗದು, ಹೊಸ ಟ್ರಾನ್ಸಿಸ್ಟರೂ ಉಳಿಯುತ್ತದೆ.

ಎಡ ಚಾನೆಲ್‌ನ ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಚ್ಚಿ ಆನ್ ಮಾಡಿ ನೋಡಿ. ಬಲ್ಬು ಆಗಲೂ ಉರಿದರೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫಯರ್, ದೊಡ್ಡ ಕಂಡೆನ್ಸರ್, ಟ್ರಾನ್ಸ್‌ಫಾರ್ಮರ್, ಇಲ್ಲವೇ ಬಲ ಚಾನೆಲ್ ನೋಡಬೇಕು. ಮಂಕಾದರೆ ದೋಷ ಎಡ ಚಾನೆಲ್‌ನಲ್ಲೇ. ಮೀಟರನ್ನು ಡಯೋಡ್ ಸ್ಥಾನಕ್ಕಿಟ್ಟು, ಔಟ್‌ಪುಟ್ ಜೋಡಿಯನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್‌ಗಳನ್ನು ಅಳೆಯಿರಿ: ಬೇಸ್–ಎಮಿಟರ್, ಬೇಸ್–ಕಲೆಕ್ಟರ್ ಒಂದು ದಿಕ್ಕಿನಲ್ಲಿ 0.5ರಿಂದ 0.7ರ ಆಸುಪಾಸು ತೋರಿಸಬೇಕು. ಕಲೆಕ್ಟರ್–ಎಮಿಟರ್ ನಡುವೆ ಬೀಪ್ ಬಂದರೆ ಅದು ಹೋಗಿದೆ. ಬೋರ್ಡಿನಲ್ಲಿದ್ದಾಗ ಅಕ್ಕಪಕ್ಕದ ರೆಸಿಸ್ಟರ್ ದಾರಿ ತಪ್ಪಿಸುತ್ತದೆ, ಅನುಮಾನ ಬಂದದ್ದನ್ನು ಬಿಚ್ಚಿಯೇ ಅಳೆಯಿರಿ. ಬಿಳಿ ಸಿಮೆಂಟಿನ 0.22 ಓಮ್, 5 ವ್ಯಾಟ್ ಎಮಿಟರ್ ರೆಸಿಸ್ಟರ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕಡಿದಿರುತ್ತವೆ. ಮೀಟರಿನ ವೈರೇ 0.2 ಓಮ್ ತೋರಿಸುವುದರಿಂದ ಸರಿಯಾದ ಬೆಲೆ ಸಿಗದು, ಕಡಿದಿದೆಯೋ ಇಲ್ಲವೋ ಎಂಬುದು ಮಾತ್ರ ತಿಳಿಯುತ್ತದೆ. ಅಷ್ಟು ಸಾಕು. ಒಂದು ಔಟ್‌ಪುಟ್ ಜೋಡಿ ಸುಟ್ಟಾಗ ಡ್ರೈವರ್ ಜೋಡಿಯನ್ನೂ ಬದಲಾಯಿಸುವುದೇ ಕ್ಷೇಮ. ಡ್ರೈವರ್ ಬೆಲೆ ಕಡಿಮೆ, ಅರ್ಧ ಪೆಟ್ಟು ತಿಂದ ಡ್ರೈವರ್ ಮಾಡುವ ನಷ್ಟ ಹೆಚ್ಚು.

ಎರಡೂ ಸಲ ಒಂದೇ ಚಾನೆಲ್ ಹೋಗಿರುವುದರಿಂದ ಎಡ ಸ್ಪೀಕರನ್ನೂ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಸುಮಾರು 6 ಓಮ್ ತೋರಿಸುತ್ತದೆ. 1 ಅಥವಾ 2 ತೋರಿಸಿದರೆ ವಾಯ್ಸ್ ಕಾಯಿಲ್ ಒಳಗೇ ಕೂಡಿಕೊಂಡಿದೆ. ವೈರಿನ ತುದಿಯ ಒಂದೆಳೆ ಪಕ್ಕದ ಟರ್ಮಿನಲ್‌ಗೆ ತಾಗಿದ್ದರೂ ಇದೇ ಫಲ.

ಸ್ಪೀಕರ್ ಸರಿಯಿದ್ದರೆ, ನಿಮ್ಮ ಪತ್ರದ ಲಕ್ಷಣ ನೋಡಿದರೆ ನಮ್ಮ ಅನುಮಾನ ಬಯಾಸ್ ಭಾಗದ ಮೇಲೆ. ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಒಂದಿಷ್ಟು ಕರೆಂಟು ಹರಿಯುತ್ತಿರಬೇಕು. ಎಷ್ಟು ಎಂಬುದನ್ನು ತೀರ್ಮಾನಿಸುವುದು ಬಿಡಿ139ರಂಥ ಒಂದು ಸಣ್ಣ ಟ್ರಾನ್ಸಿಸ್ಟರ್ ಮತ್ತು ಅದರ ಪ್ರಿಸೆಟ್, ಅಂದರೆ ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್. ಮಲೆನಾಡಿನ ತೇವಕ್ಕೆ ತೆರೆದ ಪ್ರಿಸೆಟ್‌ನ ತಿರುಗುವ ಕಾಲು ಕರಿ ಪಟ್ಟಿಯಿಂದ ಬಿಟ್ಟುಕೊಳ್ಳುತ್ತದೆ. ಆ ಪ್ರಿಸೆಟ್ ಕಲೆಕ್ಟರ್–ಬೇಸ್ ನಡುವೆ ಇದ್ದರೆ, ಬಿಟ್ಟುಕೊಂಡ ಕ್ಷಣದಲ್ಲೇ ಬಯಾಸ್ ಮಿತಿ ಮೀರಿ ಏರಿ ಔಟ್‌ಪುಟ್ ಜೋಡಿ ಸುಡುತ್ತದೆ. ಬೇಸ್–ಎಮಿಟರ್ ನಡುವೆ ಇದ್ದರೆ ಬಯಾಸ್ ಇಳಿಯುತ್ತದೆ. ಸದ್ದು ಸ್ವಲ್ಪ ಒರಟಾಗುತ್ತದೆ, ಏನೂ ಸುಡುವುದಿಲ್ಲ. ಹಾಗಾಗಿ ಪ್ರಿಸೆಟ್ ಯಾವ ಕಡೆ ಇದೆ ನೋಡಿ, ಕಲೆಕ್ಟರ್–ಬೇಸ್ ಕಡೆ ಇದ್ದರೆ ಬೇಸ್–ಎಮಿಟರ್ ಕಡೆಗೆ ತನ್ನಿ. ಒಂದು ಉದಾಹರಣೆ: ಕಲೆಕ್ಟರ್–ಬೇಸ್ ನಡುವೆ 2.2 ಕಿಲೋ ಓಮ್ ಸ್ಥಿರ ರೆಸಿಸ್ಟರ್; ಬೇಸ್–ಎಮಿಟರ್ ನಡುವೆ 560 ಓಮ್, ಅದರ ಜೊತೆ ಸೀರೀಸ್‌ನಲ್ಲಿ 500 ಓಮ್ ಮಲ್ಟಿಟರ್ನ್ ಪ್ರಿಸೆಟ್. ಇದರಿಂದ ಸುಮಾರು 1.9ರಿಂದ 3 ವೋಲ್ಟಿನವರೆಗೆ ಹೊಂದಿಸಬಹುದು. ಡ್ರೈವರ್ ಮತ್ತು ಔಟ್‌ಪುಟ್ ಒಂದೊಂದು ಜೋಡಿ ಇರುವ ನಿಮ್ಮಂಥ ಸೆಟ್‌ಗೆ ಬೇಕಾಗುವುದು 2.2ರಿಂದ 2.4ರ ಹತ್ತಿರ.

ಇದೇ ಬಿಡಿ139, ಔಟ್‌ಪುಟ್ ಜೋಡಿಯ ಶಾಖ ಹೊರಹಾಕುವ ಲೋಹದ ಹೀಟ್ ಸಿಂಕಿಗೆ ಒತ್ತಿ ಕೂತಿದೆಯೇ ಎಂದೂ ನೋಡಬೇಕು. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದರೆ ಅದರ ಬೇಸ್–ಎಮಿಟರ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಔಟ್‌ಪುಟ್ ಜೋಡಿ ಕಾದಾಗ ಈ ಸಣ್ಣ ಟ್ರಾನ್ಸಿಸ್ಟರೂ ಜೊತೆಗೇ ಕಾದು ಬಯಾಸ್ ಇಳಿಸಬೇಕು. ಸ್ಕ್ರೂ ಸಡಿಲವಾಗಿ ಅದು ಗಾಳಿಯಲ್ಲಿ ನಿಂತಿದ್ದರೆ, ಬಿಸಿ ಹೆಚ್ಚಿದಷ್ಟೂ ಕರೆಂಟು, ಕರೆಂಟು ಹೆಚ್ಚಿದಷ್ಟೂ ಬಿಸಿ. ನಿಮ್ಮ ಎರಡನೇ ಜೋಡಿ ಹತ್ತು ನಿಮಿಷ ನಡೆದು ಸುಟ್ಟದ್ದು ಇದಕ್ಕೆ ಸರಿಹೊಂದುತ್ತದೆ.

ಇನ್ನು ಅಸಲಿ–ನಕಲಿ. ಅಸಲಿ 2ಎಸ್‌ಸಿ5200 ತಡೆಯುವುದು 230 ವೋಲ್ಟ್, 15 ಆಂಪಿಯರ್, 150 ವ್ಯಾಟ್. ಪೇಟೆಯಲ್ಲಿ ಇದರ ನಕಲು ಧಾರಾಳ. ಬೆಲೆ ಅತಿ ಕಡಿಮೆ ಇದ್ದರೆ ಅನುಮಾನಪಡಿ. ಸುಟ್ಟ ಟ್ರಾನ್ಸಿಸ್ಟರನ್ನು ಎಸೆಯುವ ಮುನ್ನ ಇಕ್ಕಳದಿಂದ ಒಡೆದು ನೋಡಿ. ಒಳಗಿನ ಚಿಪ್ ಕಣ್ಣಿಗೆ ಎದ್ದು ಕಾಣುವಷ್ಟು ಅಗಲವಿರಬೇಕು, ಒಂದೆರಡು ಮಿಲಿಮೀಟರಿನ ಚೂರು ಕಂಡರೆ ಅದು ನಕಲಿ, ಆ ಅಂಗಡಿಯ ಆ ಸ್ಟಾಕ್ ಬೇಡ.

ಹೊಸ ಜೋಡಿ ಕೂರಿಸುವಾಗ ಶಾಖ ದಾಟಿಸುವ ಹಳೆ ಪೇಸ್ಟ್ ಒರೆಸಿ, ಕರೆಂಟು ತಡೆಯುವ ಹೊಸ ಮೈಕಾ ಹಾಳೆ ಇಟ್ಟು, ಎರಡೂ ಬದಿಗೆ ಪೇಸ್ಟ್ ತೆಳ್ಳಗೆ ಸವರಿ. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ದಪ್ಪ ಹಚ್ಚಿದರೆ ಶಾಖ ದಾಟುವುದು ಕಡಿಮೆಯಾಗುತ್ತದೆ. ಸ್ಕ್ರೂ ಬಿಗಿದ ಮೇಲೆ ಕಲೆಕ್ಟರ್ ಮತ್ತು ಹೀಟ್ ಸಿಂಕ್ ನಡುವೆ ಬೀಪ್ ಬರಬಾರದು. ಪ್ರಿಸೆಟನ್ನು ಕನಿಷ್ಠಕ್ಕೆ ತಿರುಗಿಸಿಡಿ. ಮೇಲೆ ಹೇಳಿದ ಜೋಡಣೆಯಲ್ಲಿ ಪ್ರಿಸೆಟ್‌ನ ಓಮ್ ಅತಿ ಹೆಚ್ಚಿರುವ ತುದಿಯೇ ಕನಿಷ್ಠ. ಸ್ಪೀಕರ್ ಬೇಡ, ಇನ್‌ಪುಟ್ ಬೇಡ, ಸೀರೀಸ್ ಬಲ್ಬು ಬೇಕು. ಬಲ್ಬು ಮಂಕಾದ ಮೇಲೆ ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ಚೆನ್ನ, 100 ದಾಟಿದರೆ ಕಾರಣ ಹುಡುಕಬೇಕು. ಇಷ್ಟು ಸರಿಯಾದ ಮೇಲೆ ಬಲ್ಬು ತೆಗೆದು ನೇರ ಕರೆಂಟು ಕೊಡಿ. ಬಲ್ಬಿನ ಮೂಲಕ ವೋಲ್ಟೇಜ್ ಕಡಿಮೆ ಸಿಗುವುದರಿಂದ ಬಯಾಸ್ ಹೊಂದಿಸುವುದು ನೇರ ಕರೆಂಟಿನಲ್ಲೇ ಆಗಬೇಕು. ಒಂದು 0.22 ಓಮ್ ರೆಸಿಸ್ಟರ್‌ನ ಎರಡು ತುದಿಗೆ ಮೀಟರ್ ಹಿಡಿದು, ನಿಧಾನಕ್ಕೆ ತಿರುಗಿಸಿ 5.5ರಿಂದ 6.5 ಮಿಲಿವೋಲ್ಟಿಗೆ ತನ್ನಿ. ಅಂದರೆ 25ರಿಂದ 30 ಮಿಲಿಆಂಪಿಯರ್. ಕಂಪನಿಯ ಕೈಪಿಡಿ ಬೇರೆ ಅಂಕಿ ಹೇಳಿದ್ದರೆ ಅದನ್ನೇ ಪಾಲಿಸಿ. ಮುಚ್ಚಳ ಹಾಕಿ 15 ನಿಮಿಷ ಬಿಟ್ಟು ಮತ್ತೆ ಅಳೆದು ತಿದ್ದಿ. ಮೊದಲ ನಿಮಿಷದ ಅಂಕಿಯನ್ನು ನಂಬಬೇಡಿ.

ಔಟ್‌ಪುಟ್ ಬಳಿಯ 10 ಓಮ್ ರೆಸಿಸ್ಟರ್ ಕರಿದಾಗಿದ್ದರೆ ಅದನ್ನೂ ಅದರ ಜೊತೆಗಿನ 0.1 ಮೈಕ್ರೋಫ್ಯಾರಡ್ ಕಂಡೆನ್ಸರನ್ನೂ ಬದಲಾಯಿಸಿ. ಕಿವಿಗೆ ಕೇಳಿಸದ ಎತ್ತರದ ಕಂಪನದಲ್ಲಿ ಆಂಪ್ಲಿಫಯರ್ ಒದ್ದಾಡಿದೆ ಎಂಬುದಕ್ಕೆ ಆ ಕರಿಯೇ ಸಾಕ್ಷಿ.

ಪ್ರಶ್ನೆ (ಸಾಗರ): ಟಿವಿಯ ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫಯರ್‌ಗೆ ವೈರ್ ಕೊಟ್ಟ ದಿನದಿಂದ ಒಂದೇ ಸಮನೆ ಗುಂಯ್ ಎನ್ನುತ್ತದೆ. ಅರ್ತ್ ಪಿನ್ ಕತ್ತರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಖಂಡಿತ ಬೇಡ. ಒಳಗೆ ಎಲ್ಲಾದರೂ ಫೇಸ್ ವೈರ್ ತಗಡಿಗೆ ತಾಗಿದರೆ ಫ್ಯೂಸ್ ಹೋಗುವಂತೆ ಮಾಡುವುದು ಆ ಪಿನ್. ಅದು ಇಲ್ಲದಿದ್ದರೆ ಕರೆಂಟು ಮುಟ್ಟಿದವರ ಮೈಮೂಲಕ ಹೋಗುತ್ತದೆ. ಒದ್ದೆ ನೆಲದ ಮನೆಯಲ್ಲಿ ಇದು ಜೀವದ ಪ್ರಶ್ನೆ.

ಗುಂಯ್ ಎಲ್ಲಿಂದ ಬರುತ್ತಿದೆ ಎಂದು ಎರಡು ನಿಮಿಷದಲ್ಲಿ ಗೊತ್ತುಮಾಡಬಹುದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಅಷ್ಟೇ ಇದ್ದರೆ ತೊಂದರೆ ಆಂಪ್ಲಿಫಯರ್‌ನ ಪವರ್ ಸಪ್ಲೈನಲ್ಲಿ. ದೊಡ್ಡ ಕಂಡೆನ್ಸರ್‌ಗಳ ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಅಂಟು ಸೋರಿದೆಯೇ ನೋಡಿ. ಆ ಸದ್ದು ಸ್ವಲ್ಪ ತೆಳ್ಳಗೆ, ಝುಂಯ್ ಎನ್ನುವಂತೆ, 100 ಹರ್ಟ್ಸ್‌ನದು. ವಾಲ್ಯೂಮ್ ಜೊತೆ ಏರಿ ಇಳಿದರೆ ಅದು ಹೊರಗಿನಿಂದ ಬರುತ್ತಿದೆ. ಈಗ ಬಾಕ್ಸಿಗೆ ಬರುವ ಡಿಶ್ ಕೇಬಲ್ ಬಿಚ್ಚಿ. ಗುಂಯ್ ನಿಂತರೆ ಉತ್ತರ ಸಿಕ್ಕಿತು: ಡಿಶ್‌ನ ಕೇಬಲ್ ಒಂದು ದಾರಿಯಲ್ಲಿ ನೆಲ ಮುಟ್ಟಿದೆ, ನಿಮ್ಮ ಆಂಪ್ಲಿಫಯರ್ ಅರ್ತ್ ಪಿನ್‌ನ ಮೂಲಕ ಇನ್ನೊಂದು ದಾರಿಯಲ್ಲಿ. ಎರಡು ನೆಲಗಳ ನಡುವಿನ ಸಣ್ಣ ವೋಲ್ಟೇಜ್ ಆಡಿಯೋ ವೈರಿನ ಹೊರಜಾಲದಲ್ಲಿ ಹರಿದು 50 ಹರ್ಟ್ಸ್‌ನ ಗುಂಯ್ ಆಗುತ್ತದೆ. ಬಾಕ್ಸ್ ಮತ್ತು ಆಂಪ್ಲಿಫಯರ್ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಎಡ–ಬಲಕ್ಕೆ ಒಂದೊಂದು ಬೇಕು. ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ದರೆ ಒಂದು ಸಣ್ಣ ಡಿಕೋಡರ್ ಸಾಕು, ಬೆಳಕಿನ ದಾರಿಯಲ್ಲಿ ಅರ್ತ್ ಬರುವುದಿಲ್ಲ. ಎಲ್ಲಕ್ಕೂ ಮೊದಲು ಟಿವಿ, ಬಾಕ್ಸ್, ಆಂಪ್ಲಿಫಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ, ಕೆಲವೊಮ್ಮೆ ಅಷ್ಟರಲ್ಲೇ ಮುಗಿಯುತ್ತದೆ.

ಪವರ್ ಸಪ್ಲೈ ಕಂಡೆನ್ಸರ್ ಬದಲಾಯಿಸುವವರಿಗೆ ಒಂದು ಎಚ್ಚರಿಕೆ. 24 ವೋಲ್ಟ್ ಎಸಿ ರೆಕ್ಟಿಫೈ ಆದ ಮೇಲೆ 33ರ ಸುತ್ತ ಇರುತ್ತದೆ ಎಂದು 35 ವೋಲ್ಟಿನ ಕಂಡೆನ್ಸರ್ ಹಾಕಬೇಡಿ. ರಾತ್ರಿ ಹೊತ್ತು ಕರೆಂಟು 250ಕ್ಕೆ ಏರಿ, ಮೇಲೆ ಲೋಡೂ ಇಲ್ಲದಾಗ ಅದು 38–39 ಮುಟ್ಟಬಹುದು. 4700 ಮೈಕ್ರೋಫ್ಯಾರಡ್, 50 ವೋಲ್ಟ್, 105 ಡಿಗ್ರಿ ಎಂದು ಕೇಳಿ ತನ್ನಿ.

ಪ್ರಶ್ನೆ (ಹೊಸನಗರ): ವಾಲ್ಯೂಮ್ ತಿರುಗಿಸಿದರೆ ಕರಕರ. ಕೊಬ್ಬರಿ ಎಣ್ಣೆ ಬಿಟ್ಟರೆ ಒಂದು ವಾರ ಸರಿಯಿತ್ತು.

ಉತ್ತರ: ಎಣ್ಣೆ ಧೂಳನ್ನು ಹಿಡಿದು ಮೇಣವಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರನ್ನು ಕಂಟ್ರೋಲಿನ ಕಾಲುಗಳ ಹತ್ತಿರದ ಸಂದಿಗೆ ಬಿಟ್ಟು, ಮೂವತ್ತು ನಲವತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ, ಒಣಗಿದ ಮೇಲೆ ಆನ್ ಮಾಡಿ. ತೊಳೆದರೂ ಕರಕರ ಹೋಗದಿದ್ದರೆ ಕಂಟ್ರೋಲಿನ ಹೊರಗಿನ ಎರಡು ಕಾಲುಗಳ ನಡುವೆ ಡಿಸಿ ಅಳೆಯಿರಿ. ಅಲ್ಲಿ ಡಿಸಿ ಇರಲೇಬಾರದು. ಹತ್ತಾರು ಮಿಲಿವೋಲ್ಟ್ ಕಂಡರೆ ಹಿಂದಿನ, ಡಿಸಿ ತಡೆದು ಹಾಡನ್ನಷ್ಟೇ ದಾಟಿಸುವ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿದೆ. ಅದನ್ನು ಬದಲಾಯಿಸದೆ ಹೊಸ ಕಂಟ್ರೋಲ್ ಹಾಕಿದರೂ ಕರಕರ ನಿಲ್ಲದು. ಹೊಸದು ತರುವುದಾದರೆ ಅದರ ಮೇಲೆ ಎ100ಕೆ ಎಂದಿರಬೇಕು. ಬಿ ಎಂದಿದ್ದರೆ ಅದು ಲೀನಿಯರ್, ಸ್ವಲ್ಪ ತಿರುಗಿಸುವಷ್ಟರಲ್ಲೇ ಸದ್ದು ಜೋರಾಗಿಬಿಡುತ್ತದೆ.

ಪ್ರಶ್ನೆ (ಶಿವಮೊಗ್ಗ): ಸಣ್ಣ ಸದ್ದಿನಲ್ಲಿ ಬಲ ಸ್ಪೀಕರ್ ಮಾಯ. ಜೋರು ಮಾಡಿದರೆ ಟಕ್ಕನೆ ಬರುತ್ತದೆ, ಮತ್ತೆ ಇಳಿಸಿದರೂ ಸ್ವಲ್ಪ ಹೊತ್ತು ಇರುತ್ತದೆ. ರಿಲೇ ತೆಗೆದು ನೇರ ಜೋಡಿಸಲೇ?

ಉತ್ತರ: ರೋಗ ರಿಲೇಯದೇ, ಆದರೆ ಮದ್ದು ಅದಲ್ಲ. ಔಟ್‌ಪುಟ್‌ನಲ್ಲಿ ಡಿಸಿ ಬಂದರೆ ಸ್ಪೀಕರನ್ನು ಕಡಿದು ಕಾಯುವ ಸ್ವಿಚ್ ಅದು. ರಿಲೇಯ ಸಂಪರ್ಕದ ಬಿಂದುಗಳ ಮೇಲೆ ಕಪ್ಪು ಪೊರೆ ಕಟ್ಟಿದೆ. ಸಣ್ಣ ಸಿಗ್ನಲ್ ಅದನ್ನು ದಾಟಲಾರದು, ದೊಡ್ಡದು ಸೀಳಿಕೊಂಡು ಹೋಗುತ್ತದೆ. ಮುಚ್ಚಳ ತೆಗೆಯಬಹುದಾದ ರಿಲೇ ಆದರೆ ಬರೆಯುವ ಕಾಗದದ ಪಟ್ಟಿಯೊಂದನ್ನು ಆಲ್ಕೋಹಾಲಿನಲ್ಲಿ ಅದ್ದಿ, ಬಿಂದುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿ ಎಳೆಯಿರಿ. ಕಾಗದದಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಮಾಡಿ. ಮರಳು ಕಾಗದ ಬೇಡ, ಮೇಲಿನ ಬೆಳ್ಳಿಯ ಲೇಪ ಹೋಗುತ್ತದೆ. ಮುಚ್ಚಿದ ರಿಲೇ ಆದರೆ ಅದೇ ಕಾಯಿಲ್ ವೋಲ್ಟೇಜಿನ, ಅದೇ ಕಾಲಿನ ಹೊಸದು ಹಾಕಿ.

ನೇರ ಜೋಡಿಸಿದರೆ ಆಗುವುದು ಇಷ್ಟು: ಯಾವತ್ತೋ ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದ ದಿನ 33 ವೋಲ್ಟ್ ಡಿಸಿ ನೇರ ವೂಫರಿಗೆ ಹೋಗುತ್ತದೆ. 6 ಓಮ್ ಕಾಯಿಲ್‌ನಲ್ಲಿ ಅದು 5.5 ಆಂಪಿಯರ್, ಸುಮಾರು 180 ವ್ಯಾಟಿನ ಶಾಖ. ಕೆಲವೇ ಸೆಕೆಂಡಿನಲ್ಲಿ ಕಾಯಿಲ್ ಸುಟ್ಟು ಹೊಗೆ ಬರುತ್ತದೆ. ಅಂದಹಾಗೆ, ಆನ್ ಮಾಡಿದ ಮೇಲೂ ರಿಲೇ ಟಕ್ ಎನ್ನದಿದ್ದರೆ ರಿಲೇಯನ್ನು ದೂರಬೇಡಿ. ಮೊದಲು ರಿಲೇಗಿಂತ ಹಿಂದೆ, ಆಂಪ್ಲಿಫಯರ್ ಔಟ್‌ಪುಟ್‌ನಲ್ಲಿ ಡಿಸಿ ಇದೆಯೇ ನೋಡಿ. ಇದ್ದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಪ್ರಶ್ನೆ (ಆಗುಂಬೆ ಹತ್ತಿರದ ಹಳ್ಳಿ): ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಗೋಡೆಯೆಲ್ಲ ಬೂಷ್ಟು. ಆಂಪ್ಲಿಫಯರನ್ನು ಪ್ಲಾಸ್ಟಿಕ್ ಸುತ್ತಿ ಅಟ್ಟದಲ್ಲಿಡುತ್ತೇವೆ. ಆದರೂ ಪ್ರತಿ ವರ್ಷ ಏನಾದರೊಂದು ಕೆಡುತ್ತದೆ.

ಉತ್ತರ: ಪ್ಲಾಸ್ಟಿಕ್ ಸುತ್ತುವುದರಿಂದ ಒಳಗಿದ್ದ ತೇವ ಹೊರಗೆ ಹೋಗದೆ ಅಲ್ಲೇ ಕೂರುತ್ತದೆ. ಅಟ್ಟಕ್ಕೆ ಕಟ್ಟಿಗೆ ಒಲೆಯ ಹೊಗೆಯೂ ಬರುತ್ತಿದ್ದರೆ ಮಸಿಯೂ ತೇವವೂ ಸೇರಿ ಬೋರ್ಡಿನ ಮೇಲೆ ಕರೆಂಟು ಹರಿಯುವ ಪೊರೆಯಾಗುತ್ತದೆ. ನಮ್ಮ ಸಲಹೆ ಇದಕ್ಕೆ ಪೂರ್ತಿ ಉಲ್ಟಾ: ಮಳೆಗಾಲದಲ್ಲೇ ದಿನವೂ ಒಂದು ಗಂಟೆ ಹಾಡಿಸಿ. ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್ ಸಿಂಕಿನ ಶಾಖಕ್ಕಿಂತ ಒಳ್ಳೆಯ ಒಣಗಿಸುವ ಸಾಧನ ಇಲ್ಲ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ, ಹಲಗೆಯ ಮೇಲಿಡಿ. ಎತ್ತಿಡಲೇಬೇಕಿದ್ದರೆ ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಜೊತೆ ಇಡಿ, ಬಣ್ಣ ಬದಲಾದಾಗ ಜೆಲ್ಲನ್ನು ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮರಳಿ ಬಳಸಬಹುದು. ಆ ಬಾಣಲೆ ಅಡುಗೆಗೆ ಬೇಡ.

ಹಿಂದಿನ ಗಾಳಿ ಕಂಡಿಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಲಿಯಿರಿ ಅಥವಾ ಅಂಟಿಸಿ, ಜಾಲರಿಯ ಎಳೆ ಬೋರ್ಡಿಗೆ ತಾಗದಂತೆ. ಬೆಚ್ಚಗಿರುವ ಜಾಗ ಹುಡುಕಿ ಬರುವ ಹಲ್ಲಿ, ಇರುವೆಗಳಿಂದ ಹೋಗುವ ಬೋರ್ಡುಗಳು ಕಡಿಮೆಯಲ್ಲ. ಹಲ್ಲಿಯ ಹಿಕ್ಕೆ ತೇವ ಹೀರಿ ತಾಮ್ರವನ್ನು ತಿನ್ನುತ್ತದೆ. ಸ್ಪೀಕರ್ ವೈರಿನ ತುದಿ ಹಸಿರು ಕಿಲುಬು ಹಿಡಿದಿದ್ದರೆ ಒಂದಿಂಚು ಕತ್ತರಿಸಿ ಹೊಸ ತಾಮ್ರ ತೆರೆಯಿರಿ. ಸ್ಕ್ರೂ ಬಿಗಿಯುವ ಟರ್ಮಿನಲ್ ಆದರೆ ತುದಿಗೆ ಬೆಸುಗೆಯ ಸೀಸ ಹಚ್ಚಬೇಡಿ. ಸೀಸ ದಿನ ಕಳೆದಂತೆ ಒತ್ತಡಕ್ಕೆ ಹರಿದು ಸ್ಕ್ರೂ ಸಡಿಲವಾಗುತ್ತದೆ.

ನಾಲ್ಕು ತಿಂಗಳು ಮುಟ್ಟದ ಸೆಟ್ ಆದರೆ ಮೊದಲ ಹತ್ತು ನಿಮಿಷ ಸೀರೀಸ್ ಬಲ್ಬಿನ ಮೂಲಕವೇ ಓಡಿಸಿ.

ಪ್ರಶ್ನೆ (ಕೊಪ್ಪ): ಸಂಜೆ ಹೊತ್ತು ಕರೆಂಟು 170 ವೋಲ್ಟಿಗೆ ಇಳಿಯುತ್ತದೆ. ಹಾಡು ಒಡೆದಂತೆ ಕೇಳುತ್ತದೆ. ಆಂಪ್ಲಿಫಯರ್ ಹಾಳಾಗುತ್ತದೆಯೇ? ಸಿಡಿಲಿಗೆ ಏನು ಮಾಡಬೇಕು?

ಉತ್ತರ: ಲೋ ವೋಲ್ಟೇಜಿನಿಂದ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫಯರ್ ಸುಡುವುದಿಲ್ಲ, ಶಕ್ತಿ ಕುಂದುತ್ತದೆ. 230ರ ಬದಲು 170 ಸಿಕ್ಕಿದರೆ ಔಟ್‌ಪುಟ್ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ಜೋರಿನಲ್ಲಿ ಹಾಡಿಸಿದರೆ ಅಲೆಯ ತಲೆ ಕತ್ತರಿಸಿ ಹೋಗಿ ಒಡಕು ಕೇಳುತ್ತದೆ, ಆ ಒಡಕು ಟ್ವೀಟರನ್ನು ಸುಡಬಲ್ಲದು. ಸಂಜೆ ವಾಲ್ಯೂಮ್ ಇಳಿಸಿ, ಅಥವಾ 500 ವಿಎ ಸ್ಟೆಬಿಲೈಸರ್ ಹಾಕಿ.

ಸಿಡಿಲಿಗೆ ಪ್ಲಗ್ ಕೀಳುವುದೇ ಮದ್ದು. ಭರಣಿ, ಕೃತ್ತಿಕಾ ಮಳೆಯ ಗುಡುಗಿನಲ್ಲೂ ಚಿತ್ತಾ, ಸ್ವಾತಿಯ ಗುಡುಗಿನಲ್ಲೂ ಮೊದಲ ಸದ್ದು ದೂರದಲ್ಲಿ ಕೇಳಿದಾಗಲೇ ಕಿತ್ತುಬಿಡಿ, ಜೊತೆಗೆ ಡಿಶ್ ಕೇಬಲನ್ನೂ. ಸ್ವಿಚ್ಚಿನ ಒಳಗಿನ ಸಂದು ಕೆಲವೇ ಮಿಲಿಮೀಟರ್, ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ. ಆಂಪ್ಲಿಫಯರ್ ಒಳಗೆ ಫ್ಯೂಸಿನ ನಂತರ ಫೇಸ್–ನ್ಯೂಟ್ರಲ್ ನಡುವೆ 275 ವೋಲ್ಟಿನ ಎಂಒವಿ (ಮಿತಿ ಮೀರಿದ ವೋಲ್ಟೇಜನ್ನು ಹೀರುವ ಬಿಲ್ಲೆ) ಹಾಕಿದರೆ ಲೈನಿನಲ್ಲಿ ಬರುವ ಸಣ್ಣಪುಟ್ಟ ಏರಿಕೆ ತಡೆಯುತ್ತದೆ. ಹತ್ತಿರ ಬಿದ್ದ ಸಿಡಿಲನ್ನು ಅದು ತಡೆಯಲಾರದು.

ಪ್ರಶ್ನೆ (ಸೊರಬ): ಎಲ್‌ಎ4440 ಐಸಿಯ ಕಿಟ್, 12 ವೋಲ್ಟ್ ಟ್ರಾನ್ಸ್‌ಫಾರ್ಮರ್. ಆರು ತಿಂಗಳಿಗೊಮ್ಮೆ ಐಸಿ ಹೋಗುತ್ತದೆ.

ಉತ್ತರ: ಈ ಐಸಿ 13.2 ವೋಲ್ಟಿಗೆ ಮಾಡಿದ್ದು, ಹಾಡುವಾಗ 18 ದಾಟಬಾರದು. 12 ವೋಲ್ಟ್ ಎಸಿ ರೆಕ್ಟಿಫೈ ಆದರೆ 16–17 ವೋಲ್ಟ್, ಕರೆಂಟು ಹೆಚ್ಚಿದ ರಾತ್ರಿ 18ರ ಮೇಲೆ. ಟ್ರಾನ್ಸ್‌ಫಾರ್ಮರನ್ನು 9 ವೋಲ್ಟ್, 3 ಆಂಪಿಯರಿಗೆ ಬದಲಾಯಿಸಿ, 4700 ಮೈಕ್ರೋಫ್ಯಾರಡ್, 25 ವೋಲ್ಟ್ ಕಂಡೆನ್ಸರ್ ಹಾಕಿ. ಜೋರಿನಲ್ಲಿ ತುಸು ಕಡಿಮೆಯಾಗುತ್ತದೆ, ಐಸಿ ಉಳಿಯುತ್ತದೆ. ಹೀಟ್ ಸಿಂಕ್ ಅಂಗೈ ಅಗಲದ್ದಾದರೂ ಇರಲಿ. ಕಿಟ್ ಜೊತೆ ಕೊಡುವ ತಗಡಿನ ಚೂರು ಸಾಲದು.